ಆಕಾಶದ ನಿಮಿಷ, ನೆಲದ ಲೆಕ್ಕ

ಪ್ಯಾರಿಸ್ ನಗರದಿಂದ ಲಿಯಾನ್ ನಗರಕ್ಕೆ ಎಷ್ಟು ದೂರ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಭೂಪಟದ ಮೇಲೆ ನೇರವಾಗಿ ಗೆರೆ ಎಳೆದರೆ ಸುಮಾರು 390 ಕಿಲೋಮೀಟರು. ಹೆದ್ದಾರಿ ಹಿಡಿದು ಹೊರಟವರಿಗೆ 465ರ ಆಸುಪಾಸು. ದಿಜೋನ್ ಪಟ್ಟಣವನ್ನು ಬಳಸಿ ಹೋಗುವ ಹಳೆಯ ರೈಲುಹಾದಿಯಲ್ಲಿ 512. ಇದೇ ಪ್ರಶ್ನೆಯನ್ನು ವಿಮಾನ ಸಂಸ್ಥೆಯೊಂದರ ಮುಂದಿಟ್ಟರೆ ಬರುವ ಉತ್ತರ ಕಿಲೋಮೀಟರುಗಳಲ್ಲಿ ಇರುವುದೇ ಇಲ್ಲ; ‘ಒಂದು ಗಂಟೆ ಹತ್ತು ನಿಮಿಷ’ ಎಂದು ಅದು ಹೇಳುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಕುದುರೆ ಗಾಡಿಗಳು ಇದೇ ದಾರಿಯನ್ನು ಸವೆಸಲು ಸುಮಾರು ಐದು ದಿನ ತೆಗೆದುಕೊಳ್ಳುತ್ತಿದ್ದವು ಎಂಬುದನ್ನು ನೆನೆದರೆ ಈ ಉತ್ತರ ಯಾರನ್ನಾದರೂ ಬೆರಗುಗೊಳಿಸೀತು. ದೂರವೆಂದರೆ ನಿಮಿಷ, ಪ್ರಗತಿಯೆಂದರೆ ಆ ನಿಮಿಷಗಳನ್ನು ಕಡಿಮೆ ಮಾಡುವುದು ಎಂಬ ನಂಬಿಕೆ ನಮ್ಮ ಕಾಲದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಆ ಲೆಕ್ಕ ಸರಿಯೇ ಎಂದು ಪರೀಕ್ಷಿಸುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ.

ಎಲ್ಲಿಯದೋ ಎರಡು ನಗರಗಳ ನಡುವಿನ ಪ್ರಯಾಣದ ಲೆಕ್ಕ ಘಟ್ಟದ ನಾಡಿನ ಈ ಪತ್ರಿಕೆಗೆ ಏಕೆ ಬೇಕು ಎಂದು ಓದುಗರು ಕೇಳಬಹುದು. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಫ್ರಾನ್ಸ್ ಸರ್ಕಾರ ಪ್ಯಾರಿಸ್‌ನ ಓರ್ಲಿ ನಿಲ್ದಾಣದಿಂದ ಲಿಯಾನ್, ಬೋರ್ದೊ ಮತ್ತು ನಾಂತ್ ನಗರಗಳಿಗೆ ವಿಮಾನ ಹಾರಾಟವನ್ನು ಕಾನೂನಿನ ಮೂಲಕ ನಿಷೇಧಿಸಿತು. ಒಂದು ಕಡೆ ಹತ್ತಿರದ ಊರುಗಳ ನಡುವೆ ವಿಮಾನ ಆರಂಭಿಸುವ ಸಂಭ್ರಮ, ಇನ್ನೊಂದು ಕಡೆ ಅದನ್ನು ನಿಲ್ಲಿಸುವ ವಿವೇಕ. ಆ ವಿವೇಕ ಎಲ್ಲಿಂದ ಬಂತು, ಅದು ಎಷ್ಟು ದೂರ ಸಾಗಿತು, ಎಲ್ಲಿ ನಿಂತುಬಿಟ್ಟಿತು ಎಂಬುದನ್ನು ತಿಳಿಯುವುದು ನಮಗೆ ಅಗತ್ಯವಾಗಿದೆ.

ಮೊದಲು ಆ ಒಂದು ಗಂಟೆ ಹತ್ತು ನಿಮಿಷವನ್ನೇ ಬಿಡಿಸಿ ನೋಡೋಣ. ಪ್ರಯಾಣಿಕರ ಜೆಟ್ ವಿಮಾನ ಮೇಲೇರಿ ಸ್ಥಿರವಾದ ಮೇಲೆ ಗಂಟೆಗೆ 800 ಕಿ.ಮೀ. ವೇಗದಲ್ಲಿ ಸಾಗಬಲ್ಲದು. ಆ ವೇಗದಲ್ಲಿ 390 ಕಿ.ಮೀ. ದೂರಕ್ಕೆ ಅರ್ಧ ಗಂಟೆಯೇ ಸಾಕು. ಆದರೆ ಇಷ್ಟು ಹತ್ತಿರದ ಊರಿಗೆ ಹೋಗುವ ವಿಮಾನ ಆ ವೇಗವನ್ನು ಅನುಭವಿಸುವುದು ಕೆಲವೇ ನಿಮಿಷ. ನೆಲದ ಮೇಲೆ ಸರದಿಗಾಗಿ ಕಾಯುವುದು, ಮೇಲೇರುವುದು, ಏರಿ ಮುಗಿಯುವಷ್ಟರಲ್ಲಿ ಇಳಿಯಲು ಆರಂಭಿಸುವುದು, ಇಳಿದ ಬಳಿಕ ಮತ್ತೆ ನೆಲದ ಮೇಲೆ ತೆವಳುವುದು, ಇದೇ ಅದರ ಪಯಣ. ಇನ್ನು ಪ್ರಯಾಣಿಕನ ಪಾಲಿಗೆ ಈ ಅವಧಿ ಇಡೀ ಪ್ರಯಾಣದ ಒಂದು ತುಂಡು ಮಾತ್ರ. ಓರ್ಲಿ ನಿಲ್ದಾಣ ಪ್ಯಾರಿಸ್‌ನ ಮಧ್ಯಭಾಗದಿಂದ ದಕ್ಷಿಣಕ್ಕೆ ಹದಿಮೂರು ಕಿಲೋಮೀಟರಿನಷ್ಟು ದೂರದಲ್ಲಿದೆ. ಲಿಯಾನ್‌ನ ವಿಮಾನ ನಿಲ್ದಾಣವೂ ನಗರದಿಂದ ಪೂರ್ವಕ್ಕೆ ಇಪ್ಪತ್ತು ಕಿಲೋಮೀಟರಿಗೂ ಆಚೆ ಬಯಲಿನಲ್ಲಿದೆ. ಊರಿನಿಂದ ನಿಲ್ದಾಣಕ್ಕೆ ಮುಕ್ಕಾಲು ಗಂಟೆ, ತಪಾಸಣೆ ಮತ್ತು ಕಾಯುವಿಕೆಗೆ ಒಂದು ಗಂಟೆ, ವಿಮಾನದೊಳಗೆ ಒಂದು ಗಂಟೆ ಹತ್ತು ನಿಮಿಷ, ಹೊರಬರಲು ಇಪ್ಪತ್ತು ನಿಮಿಷ, ಅಲ್ಲಿಂದ ನಗರಕ್ಕೆ ಅರ್ಧ ಗಂಟೆ ಎಂದು ಹಿಡಿದರೂ ಒಟ್ಟು ಮೂರೂಮುಕ್ಕಾಲು ಗಂಟೆಯಾಗುತ್ತದೆ. ಟಿಕೆಟ್ಟಿನ ಮೇಲೆ ಮುದ್ರಿತವಾದ ಸಮಯಕ್ಕೆ ಇದು ಮೂರು ಪಟ್ಟಿಗೂ ಹೆಚ್ಚು.

ರೈಲು ಪ್ಯಾರಿಸ್‌ನ ಊರೊಳಗಿನಿಂದಲೇ ಹೊರಟು ಎರಡು ಗಂಟೆಯಲ್ಲಿ ಲಿಯಾನ್‌ನ ಊರೊಳಗೇ ತಂದು ಬಿಡುತ್ತದೆ. ನಿಲ್ದಾಣಕ್ಕೆ ಹೋಗುವ, ಹತ್ತುವ, ಇಳಿದು ನಡೆಯುವ ಸಮಯವನ್ನೆಲ್ಲ ಸೇರಿಸಿದರೂ ಮೂರು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಗಂಟೆಗೆ 800 ಕಿ.ಮೀ. ಓಡುವ ವಾಹನಕ್ಕಿಂತ 300 ಕಿ.ಮೀ. ಓಡುವ ವಾಹನವೇ ಮೊದಲು ಮನೆ ಮುಟ್ಟಿಸುತ್ತದೆ. ವೇಗ ಬೇರೆ, ಬೇಗ ಬೇರೆ.

ಈ ಬಗೆಯ ಲೆಕ್ಕವನ್ನು ಐವತ್ತು ವರ್ಷಗಳ ಹಿಂದೆಯೇ ಹಾಕಿ ತೋರಿಸಿದವನು ಚಿಂತಕ ಇವಾನ್ ಇಲಿಚ್. 1970ರ ದಶಕದ ಆರಂಭದಲ್ಲಿ, ಶಕ್ತಿ ಮತ್ತು ಸಮತೆಯ ಸಂಬಂಧವನ್ನು ಕುರಿತು ಬರೆಯುತ್ತ, ಆತ ಅಮೆರಿಕದ ಸಾಧಾರಣ ಪುರುಷನೊಬ್ಬ ತನ್ನ ಕಾರಿಗಾಗಿ ವರ್ಷಕ್ಕೆ 1,600 ಗಂಟೆ ವ್ಯಯಿಸುತ್ತಾನೆಂದು ಲೆಕ್ಕ ಹಾಕಿದ. ಕಾರನ್ನು ಓಡಿಸುವ ಹೊತ್ತು ಮಾತ್ರವಲ್ಲ, ಅದರ ಕಂತು, ಇಂಧನ, ವಿಮೆ, ತೆರಿಗೆಗಳಿಗಾಗಿ ದುಡಿಯುವ ಹೊತ್ತೂ ಅದರಲ್ಲಿ ಸೇರಿತ್ತು. ಅಷ್ಟೆಲ್ಲ ಮಾಡಿ ಅವನು ಕ್ರಮಿಸುವುದು 7,500 ಮೈಲಿ. ಅಂದರೆ ಗಂಟೆಗೆ ಐದು ಮೈಲಿಗಿಂತ ಕಡಿಮೆ, ಬಿರುಸಾಗಿ ನಡೆಯುವವನ ವೇಗಕ್ಕಿಂತ ಸ್ವಲ್ಪವೇ ಹೆಚ್ಚು. ಇಲಿಚ್‌ನ ಎಲ್ಲ ತೀರ್ಮಾನಗಳನ್ನು ಒಪ್ಪಬೇಕಾಗಿಲ್ಲ. ಆದರೆ ಅಳೆಯುವವನು ಏನನ್ನು ಲೆಕ್ಕಕ್ಕೆ ಹಿಡಿದ, ಏನನ್ನು ಬಿಟ್ಟ ಎಂದು ಕೇಳುವ ಅಭ್ಯಾಸವನ್ನು ಆತ ಕಲಿಸಿದ. ವಿಮಾನದ ವೇಳಾಪಟ್ಟಿಯ ಮುಂದೆ ಆ ಪ್ರಶ್ನೆ ಇನ್ನಷ್ಟು ಅಗತ್ಯ.

ಏಕೆಂದರೆ ಅದು ಬಿಟ್ಟಿರುವುದು ಪ್ರಯಾಣಿಕನ ಸಮಯವನ್ನಷ್ಟೇ ಅಲ್ಲ, ಆಕಾಶದ ಋಣವನ್ನೂ ಬಿಟ್ಟಿದೆ. ವಿಮಾನ ಅತಿ ಹೆಚ್ಚು ರಭಸದಿಂದ ಇಂಧನ ಸುಡುವುದು ನೆಲ ಬಿಟ್ಟು ಮೇಲೇರುವಾಗ. ದೂರದ ಹಾರಾಟದಲ್ಲಿ ಈ ಖರ್ಚು ಸಾವಿರಾರು ಕಿಲೋಮೀಟರುಗಳ ಮೇಲೆ ಹಂಚಿಹೋಗುತ್ತದೆ. ಹತ್ತಿರದ ಹಾರಾಟದಲ್ಲಿ ಹಂಚಿಕೊಳ್ಳಲು ದೂರವೇ ಇರುವುದಿಲ್ಲ. ಹೀಗಾಗಿ ಕಿಲೋಮೀಟರೊಂದರ ಲೆಕ್ಕದಲ್ಲಿ ಹತ್ತಿರದ ಹಾರಾಟವೇ ಹೆಚ್ಚು ದುಬಾರಿ. ಒಂದು ಕಿಲೋ ವಿಮಾನ ಇಂಧನ ಉರಿದರೆ ಮೂರು ಕಿಲೋಗೂ ಮಿಗಿಲಾಗಿ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಪ್ಯಾರಿಸ್‌ನಿಂದ ಲಿಯಾನ್‌ಗೆ ವಿಮಾನದಲ್ಲಿ ಹೋಗುವ ಒಬ್ಬ ವ್ಯಕ್ತಿಯ ಪಾಲಿಗೆ ಬರುವ ಇಂಗಾಲದ ಹೊರೆ, ಅದೇ ದಾರಿಯಲ್ಲಿ ರೈಲಿನಲ್ಲಿ ಹೋಗುವವನ ಹೊರೆಯ ಹತ್ತಾರು ಪಟ್ಟು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಫ್ರಾನ್ಸಿನ ರೈಲು ಇಷ್ಟು ‘ಶುದ್ಧ’ವಾಗಿ ಕಾಣುವುದು ಆ ದೇಶದ ವಿದ್ಯುತ್ತಿನ ಬಹುಪಾಲು ಅಣು ಸ್ಥಾವರಗಳಿಂದ ಬರುವುದರಿಂದ. ಆ ದೇಶದ ಅತಿವೇಗದ ರೈಲಿನ ಮೊದಲ ಮಾದರಿ ತೈಲದಿಂದ ಓಡುವ ಗ್ಯಾಸ್ ಟರ್ಬೈನ್ ಯಂತ್ರದ್ದಾಗಿತ್ತು. 1973ರ ತೈಲ ಬಿಕ್ಕಟ್ಟು ಬಂದ ಮೇಲೆ ಅದನ್ನು ಕೈಬಿಟ್ಟು ವಿದ್ಯುತ್ತಿನ ಕಡೆಗೆ ಹೊರಳಲಾಯಿತು. ಅದೇ ಕಾಲದಲ್ಲಿ ಅಣು ಸ್ಥಾವರಗಳನ್ನು ಸಾಲುಸಾಲಾಗಿ ಕಟ್ಟುವ ಯೋಜನೆಯೂ ಆರಂಭವಾಯಿತು. ಕಾಳಿ ನದಿಯ ದಡದ ಕೈಗಾ ಸ್ಥಾವರವನ್ನು ವಿರೋಧಿಸಿದವರ ನಾಡು ನಮ್ಮದು. ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿದ ನಾಡು. ಹೊಗೆ ಬರದ ವಿದ್ಯುತ್ತೆಲ್ಲವೂ ನಿರಪಾಯ ಎಂದು ನಾವು ಒಪ್ಪಲಾರೆವು. ಆದರೂ ಹೋಲಿಕೆಯ ಮಾತು ಬಂದಾಗ ರೈಲಿಗೆ ಒಂದು ಅನುಕೂಲವಿದೆ. ವಿದ್ಯುತ್ತಿನ ಮೂಲ ಬದಲಾದರೆ ಅದೇ ಹಳಿಯ ಮೇಲೆ ಅದೇ ರೈಲು ಓಡುತ್ತದೆ. ವಿಮಾನಕ್ಕೆ ಆ ಸ್ವಾತಂತ್ರ್ಯ ಇನ್ನೂ ಸಿಕ್ಕಿಲ್ಲ.

ಇನ್ನು ಕಾನೂನಿನ ಕಥೆ. 2019ರ ಅಕ್ಟೋಬರಿನಲ್ಲಿ ಫ್ರಾನ್ಸ್ ಸರ್ಕಾರ ಸಾಮಾನ್ಯ ನಾಗರಿಕರಲ್ಲಿ 150 ಮಂದಿಯನ್ನು ಚೀಟಿ ಎತ್ತುವ ರೀತಿಯಲ್ಲಿ ಆಯ್ದು, ಹವಾಮಾನದ ಬಿಕ್ಕಟ್ಟಿಗೆ ಪರಿಹಾರ ಸೂಚಿಸಲು ಒಂದು ಸಭೆಯನ್ನು ಕೂಡಿಸಿತು. ತಿಂಗಳುಗಟ್ಟಲೆ ತಜ್ಞರ ಮಾತು ಕೇಳಿ, ತಮ್ಮೊಳಗೆ ವಾದಿಸಿ, ಅವರು 2020ರ ಜೂನ್‌ನಲ್ಲಿ ತಮ್ಮ ಸಲಹೆಗಳನ್ನು ಮುಂದಿಟ್ಟರು. ರೈಲಿನಲ್ಲಿ ನಾಲ್ಕು ಗಂಟೆಯೊಳಗೆ ತಲುಪಬಹುದಾದ ಊರುಗಳ ನಡುವೆ ದೇಶದೊಳಗಿನ ವಿಮಾನ ಬೇಡ ಎಂಬುದು ಅವುಗಳಲ್ಲೊಂದು. 2021ರ ಆಗಸ್ಟ್ 22ರ ಕಾಯಿದೆಯಲ್ಲಿ ಆ ನಾಲ್ಕು ಗಂಟೆ ಎರಡೂವರೆ ಗಂಟೆಗೆ ಇಳಿದಿತ್ತು. ಯುರೋಪಿಯನ್ ಆಯೋಗದ ಪರಿಶೀಲನೆ ಮುಗಿದು 2023ರ ಮೇ 22ರಂದು ಆದೇಶ ಹೊರಬಿದ್ದಾಗ, ನಿಷೇಧಕ್ಕೆ ಸಿಕ್ಕಿದ್ದು ಮೂರೇ ಮಾರ್ಗ; ಅದೂ ಮೂರು ವರ್ಷದ ಅವಧಿಗೆ. ಆ ಮೂರೂ ಮಾರ್ಗಗಳಲ್ಲಿ ಏರ್ ಫ್ರಾನ್ಸ್ ಸಂಸ್ಥೆ, ಕೋವಿಡ್ ಕಾಲದಲ್ಲಿ ಪಡೆದ 700 ಕೋಟಿ ಯೂರೋ ನೆರವಿನ ಷರತ್ತಿಗೆ ಒಳಪಟ್ಟು, 2020ರಲ್ಲೇ ಹಾರಾಟ ನಿಲ್ಲಿಸಿತ್ತು. ಪ್ಯಾರಿಸ್‌ನ ಇನ್ನೊಂದು ದೊಡ್ಡ ನಿಲ್ದಾಣವಾದ ಶಾರ್ಲ್ ದ ಗಾಲ್‌ನಿಂದ, ಮುಖ್ಯವಾಗಿ ವಿಮಾನ ಬದಲಿಸುವವರಿಗಾಗಿ ಹಾರುವ ವಿಮಾನಗಳನ್ನು ಆದೇಶ ಮುಟ್ಟಲಿಲ್ಲ. ಸಿರಿವಂತರ ಖಾಸಗಿ ಜೆಟ್‌ಗಳನ್ನೂ ಮುಟ್ಟಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ಅಲ್ಲಿನ ಪರಿಸರ ಸಂಘಟನೆಗಳು ಟೀಕಿಸಿದ್ದರಲ್ಲಿ ಅರ್ಥವಿದೆ.

ಟೀಕೆಗೆ ಇನ್ನೂ ಬಲವಾದ ಆಧಾರವೊಂದಿದೆ. ಯುರೋಪಿನ ವಾಯುಯಾನ ನಿಯಂತ್ರಣ ಸಂಸ್ಥೆಯಾದ ಯೂರೋಕಂಟ್ರೋಲ್ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಯುರೋಪಿನಿಂದ ಹೊರಡುವ ವಿಮಾನಗಳ ಪೈಕಿ 500 ಕಿ.ಮೀ. ಒಳಗಿನ ಹಾರಾಟಗಳು ಸಂಖ್ಯೆಯಲ್ಲಿ ಶೇಕಡಾ 30ರಷ್ಟಿದ್ದರೂ ಇಂಗಾಲದ ಹೊರೆಯಲ್ಲಿ ಅವುಗಳ ಪಾಲು ಶೇಕಡಾ 4ರ ಆಸುಪಾಸು ಮಾತ್ರ. 4,000 ಕಿ.ಮೀ. ಮೀರಿದ ಹಾರಾಟಗಳು ಸಂಖ್ಯೆಯಲ್ಲಿ ಶೇಕಡಾ 6, ಹೊರೆಯಲ್ಲಿ ಅರ್ಧದಷ್ಟು. ಹತ್ತಿರದ ವಿಮಾನಗಳನ್ನು ನಿಲ್ಲಿಸಿ ಹವಾಮಾನವನ್ನು ಉಳಿಸಿದೆವೆಂದು ಬೀಗುವುದು ಗುಡ್ಡ ಅಗೆದು ಇಲಿ ಹಿಡಿದಂತೆ ಎನ್ನುವವರ ಬಳಿ ಈ ಅಂಕಿಗಳಿವೆ. ಅಂಕಿಗಳು ಸರಿಯಾಗಿಯೇ ಇವೆ. ಆದರೆ ಅವುಗಳಿಂದ ‘ಹಾಗಾದರೆ ಏನನ್ನೂ ಮಾಡಬೇಡಿ’ ಎಂಬ ತೀರ್ಮಾನ ಹೊರಡುವುದಿಲ್ಲ. ಬದಲಿ ದಾರಿ ಕಣ್ಣೆದುರಿಗೇ ಇರುವಲ್ಲೂ ನಿಲ್ಲಿಸಲಾಗದ ಸಮಾಜ, ಬದಲಿಯೇ ಇಲ್ಲದ ದೂರದ ಹಾರಾಟವನ್ನು ಮಿತಗೊಳಿಸೀತೇ? ಸುಲಭದ ಪಾಠವನ್ನು ಮೊದಲು ಕಲಿಯಬೇಕು. ಅದೇ ಕೊನೆಯ ಪಾಠವೆಂದು ತಿಳಿಯಬಾರದು, ಅಷ್ಟೇ.

ನಿಷೇಧಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಬೆಲೆಯದು. 1944ರ ಶಿಕಾಗೊ ಒಪ್ಪಂದದ 24ನೆಯ ವಿಧಿಯಂತೆ, ದೇಶದಿಂದ ದೇಶಕ್ಕೆ ಹಾರುವ ವಿಮಾನ ತನ್ನೊಡಲಲ್ಲಿ ಹೊತ್ತು ತಂದ ಇಂಧನಕ್ಕೆ ಇಳಿದ ದೇಶ ಸುಂಕ ಹಾಕುವಂತಿಲ್ಲ. ಎಳೆಯ ಉದ್ಯಮವೊಂದನ್ನು ಪೋಷಿಸಲು ಅಂದು ಕೊಟ್ಟ ರಿಯಾಯಿತಿಯ ನೆರಳು ಇಂದಿಗೂ ಉಳಿದಿದೆ. ಯುರೋಪಿಯನ್ ಒಕ್ಕೂಟದ 2003ರ ನಿರ್ದೇಶನವೂ ವಿಮಾನ ಇಂಧನಕ್ಕೆ ತೆರಿಗೆ ವಿನಾಯಿತಿ ನೀಡಿತು. ಬೇಕಾದರೆ ತಮ್ಮ ದೇಶದೊಳಗಿನ ಹಾರಾಟಕ್ಕೆ ತೆರಿಗೆ ವಿಧಿಸಬಹುದೆಂದು ಸದಸ್ಯ ರಾಷ್ಟ್ರಗಳಿಗೆ ಬಿಟ್ಟಿತು. ಇತ್ತ ರೈಲು ವಿದ್ಯುತ್ತಿಗೆ ಹಣ ತೆರಬೇಕು, ಓಡುವ ಪ್ರತಿ ಕಿಲೋಮೀಟರ್ ಹಳಿಗೂ ಬಾಡಿಗೆ ಕೊಡಬೇಕು. ಪರಿಣಾಮವಾಗಿ ಯುರೋಪಿನ ಅನೇಕ ಮಾರ್ಗಗಳಲ್ಲಿ ಮಲಿನ ಮಾಡುವವನ ಟಿಕೆಟ್ಟು ಅಗ್ಗ, ಮಾಡದವನ ಟಿಕೆಟ್ಟು ತುಟ್ಟಿ. ಜನರ ನೀತಿಪ್ರಜ್ಞೆಯನ್ನು ಎಚ್ಚರಿಸುವ ಸ್ವೀಡನ್ ದೇಶದ ‘ವಿಮಾನ ನಾಚಿಕೆ’ಯಂತಹ ಮಾತುಗಳು ಒಳ್ಳೆಯವೇ. ಆದರೆ ನಾಚಿಕೆಯ ಭಾರವನ್ನು ಪ್ರಯಾಣಿಕನ ಮೇಲೆ ಹೇರಿ, ರಿಯಾಯಿತಿಯ ಲಾಭವನ್ನು ಕಂಪನಿಗೆ ಕೊಡುವುದು ನ್ಯಾಯವಲ್ಲ.

ಇಷ್ಟು ಹೇಳಿದ ಮೇಲೆ ‘ವಿಮಾನ ಕೆಟ್ಟದ್ದು, ರೈಲು ಒಳ್ಳೆಯದು’ ಎಂದು ಮಾತು ಮುಗಿಸುವುದು ಸುಲಭ. ಬೆಟ್ಟದ ಮಕ್ಕಳಾದ ನಾವು ಅಷ್ಟಕ್ಕೆ ನಿಲ್ಲುವಂತಿಲ್ಲ. ರೈಲಿನ ವೇಗಕ್ಕೂ ಬೆಲೆಯಿದೆ, ಅದನ್ನು ನೆಲ ತೆರುತ್ತದೆ. ಪ್ಯಾರಿಸ್–ಲಿಯಾನ್ ವೇಗದ ಮಾರ್ಗ ಆರಂಭವಾದದ್ದು 1981ರ ಸೆಪ್ಟೆಂಬರಿನಲ್ಲಿ, ಪೂರ್ಣಗೊಂಡದ್ದು 1983ರಲ್ಲಿ. ಅದಕ್ಕೂ ಮುನ್ನ ಸುಮಾರು ನಾಲ್ಕು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಎರಡು ಗಂಟೆಗೆ ಇಳಿಯಿತು. ಈ ಮಾರ್ಗದ ವಿಮಾನ ಪ್ರಯಾಣಿಕರ ಸಂಖ್ಯೆ ಯಾವ ನಿಷೇಧವೂ ಇಲ್ಲದೆ ತೀವ್ರವಾಗಿ ಕುಸಿಯಿತು. ನಮ್ಮ ಗಮನ ಸೆಳೆಯಬೇಕಾದ ವಿಶೇಷವೆಂದರೆ ಆ ನಾಲ್ಕುನೂರಕ್ಕೂ ಹೆಚ್ಚು ಕಿಲೋಮೀಟರ್ ಹೊಸ ಹಳಿಯ ಮೇಲೆ ಒಂದೇ ಒಂದು ಸುರಂಗವಿಲ್ಲ. ನೂರು ಮೀಟರಿಗೆ ಮೂರೂವರೆ ಮೀಟರ್ ಏರುವ ಕಡಿದಾದ ದಾರಿಯನ್ನೂ ಹತ್ತಬಲ್ಲ ಹಗುರವಾದ, ಬಲಶಾಲಿಯಾದ ರೈಲನ್ನು ರೂಪಿಸಿ, ಬರ್ಗಂಡಿಯ ಗುಡ್ಡಗಳನ್ನು ಕೊರೆಯದೆ, ಅವುಗಳ ಮೈಮೇಲೆಯೇ ಹಳಿ ಹಾಸಲಾಯಿತು. ನೆಲದ ಗುಣಕ್ಕೆ ಯಂತ್ರವನ್ನು ಹೊಂದಿಸಿದ ಅಪರೂಪದ ನಿದರ್ಶನವಿದು.

ಅದೇ ಲಿಯಾನ್‌ನಿಂದ ಮುಂದೆ ಇಟಲಿಯ ಟ್ಯೂರಿನ್‌ಗೆ ಹೊರಟಾಗ ಕಥೆ ತಿರುಗುತ್ತದೆ. ನೇರ ದೂರ 235 ಕಿ.ಮೀ. ಆಸುಪಾಸು, ಆದರೆ ನಡುವೆ ಆಲ್ಪ್ಸ್ ಪರ್ವತವಿದೆ. 1871ರಲ್ಲಿ ತೆರೆದ ಹಳೆಯ ಸುರಂಗದ ಮೂಲಕ ಹೋದರೆ ನಾಲ್ಕು ಗಂಟೆಯ ಹತ್ತಿರ ಹಿಡಿಯುತ್ತದೆ. ಅದನ್ನು ಎರಡು ಗಂಟೆಯೊಳಗೆ ತರಲು, ಸರಕು ಲಾರಿಗಳ ಭಾರವನ್ನು ರೈಲಿಗೆ ವರ್ಗಾಯಿಸಲು ಎಂದು 57.5 ಕಿ.ಮೀ. ಉದ್ದದ ಹೊಸ ಸುರಂಗಕ್ಕಾಗಿ ಎರಡೂ ದೇಶಗಳು 2001ರಲ್ಲಿ ಒಪ್ಪಂದ ಮಾಡಿಕೊಂಡವು. ಇಟಲಿಯ ಸೂಸಾ ಕಣಿವೆಯ ಜನ 1990ರ ದಶಕದಿಂದಲೇ ಈ ಯೋಜನೆಯನ್ನು ವಿರೋಧಿಸುತ್ತ ಬಂದಿದ್ದಾರೆ. ಬಂಡೆಯೊಳಗಿನ ಕಲ್ನಾರು ಮತ್ತು ಯುರೇನಿಯಂ ಧೂಳು, ಬತ್ತಿಹೋಗಬಹುದಾದ ಒರತೆಗಳು, ಇರುವ ಹಳಿಯನ್ನೇ ಪೂರ್ತಿ ಬಳಸದೆ ಹೊಸದಕ್ಕೆ ಸುರಿಯುವ ಹಣ, ಇವು ಅವರ ಆಕ್ಷೇಪಗಳು. 2005ರ ಡಿಸೆಂಬರಿನಲ್ಲಿ ವೆನಾವುಸ್ ಗ್ರಾಮದಲ್ಲಿ ಪೊಲೀಸರಿಗೂ ಜನರಿಗೂ ನಡೆದ ಸಂಘರ್ಷ ಇಡೀ ಇಟಲಿಯ ಗಮನ ಸೆಳೆಯಿತು. ರೈಲನ್ನು ಪರಿಸರದ ಮಿತ್ರನೆಂದು ಬಣ್ಣಿಸುವ ಪರಿಸರವಾದಿಗಳಲ್ಲೇ ಈ ಸುರಂಗದ ಕುರಿತು ಒಡಕು ಮೂಡಿತು. ಈ ನಡುವೆ 2023ರ ಆಗಸ್ಟಿನಲ್ಲಿ ಫ್ರಾನ್ಸಿನ ಮೊರಿಯೆನ್ ಕಣಿವೆಯಲ್ಲಿ ಬಂಡೆಗಳು ಕುಸಿದು ಹಳೆಯ ರೈಲುದಾರಿ ಮುಚ್ಚಿಹೋಯಿತು. ಮತ್ತೆ ತೆರೆದದ್ದು 2025ರ ಮಾರ್ಚ್ ಕೊನೆಗೆ. ಹೊಸ ಸುರಂಗ ಬೇಕೆನ್ನುವವರೂ ಬೇಡವೆನ್ನುವವರೂ ಈ ಒಂದೇ ಘಟನೆಯನ್ನು ತಮ್ಮ ವಾದಕ್ಕೆ ಆಧಾರವಾಗಿ ಬಳಸಿಕೊಂಡರು.

ಈ ದೃಶ್ಯ ನಮಗೆ ಹೊಸದಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿ.ಮೀ. ಘಟ್ಟದ ಹಳಿಯಲ್ಲಿ 57 ಸುರಂಗಗಳಿವೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಗುಡ್ಡ ಜರಿದಾಗ ಬೆಂಗಳೂರು–ಮಂಗಳೂರು ರೈಲು ದಿನಗಟ್ಟಲೆ ನಿಂತುಹೋಯಿತು. ಹುಬ್ಬಳ್ಳಿ–ಅಂಕೋಲಾ ಮಾರ್ಗದ ವಿವಾದ ದಶಕಗಳಿಂದ ಕಾಡಿನ ಅಂಚಿನಲ್ಲಿ ನಿಂತಿದೆ. ಶಿವಮೊಗ್ಗಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು 2023ರ ಆಗಸ್ಟ್ 31ರಂದು. ಆಕಾಶದಲ್ಲಿ ಒಂದು ಗಂಟೆಯೊಳಗಿನ ಈ ದಾರಿಗೂ ಪ್ಯಾರಿಸ್–ಲಿಯಾನ್‌ನ ಲೆಕ್ಕ ಅನ್ವಯಿಸುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣ ನಗರದಿಂದ ಎಷ್ಟು ದೂರ ಎಂಬುದು ಎಲ್ಲರಿಗೂ ಗೊತ್ತು; ಮನೆ ಬಿಟ್ಟು ಮನೆ ಮುಟ್ಟುವ ಹೊತ್ತನ್ನು ಕೂಡಿಸಿದರೆ ಜನಶತಾಬ್ದಿ ರೈಲು ಬಹಳ ಹಿಂದೆ ಬೀಳುವುದಿಲ್ಲ. ಆದರೆ ವ್ಯತ್ಯಾಸವನ್ನೂ ಮರೆಯಬಾರದು. ಅಲ್ಲಿ ದಿನಕ್ಕೆ ಹಲವು ಬಾರಿ ಎರಡು ಗಂಟೆಯ ರೈಲು ಓಡಿ ನಾಲ್ಕು ದಶಕವಾದ ಮೇಲೆ ವಿಮಾನ ಬೇಡವೆಂದರು. ನಮ್ಮಲ್ಲಿ ಅಂತಹ ಬದಲಿಯನ್ನು ಒದಗಿಸದೆ ‘ಹಾರಬೇಡಿ’ ಎಂದು ಬೋಧಿಸಿದರೆ, ತುರ್ತು ಚಿಕಿತ್ಸೆಗೆ ಓಡುವವನೂ ದೂರದೂರಿನ ಕೆಲಸಕ್ಕೆ ಹೋಗುವ ಮಗಳನ್ನು ಕಾಯುವ ತಾಯಿಯೂ ನಮ್ಮ ಮಾತನ್ನು ಕೇಳಲಾರರು.

ಹಾಗಾದರೆ ಮಾಡಬೇಕಾದ್ದೇನು? ಯಾವುದೇ ಹೊಸ ವಿಮಾನ ನಿಲ್ದಾಣ, ಹೊಸ ಹಳಿ, ಹೊಸ ಹೆದ್ದಾರಿಯ ಪ್ರಸ್ತಾಪ ಬಂದಾಗ ‘ಎಷ್ಟು ನಿಮಿಷ ಉಳಿಯುತ್ತದೆ’ ಎಂಬ ಘೋಷಣೆಗೆ ಮಾರುಹೋಗದೆ ನಾವು ಮೂರು ಲೆಕ್ಕ ಕೇಳಬೇಕು. ಒಂದು, ಆ ನಿಮಿಷಗಳನ್ನು ಮನೆಯ ಬಾಗಿಲಿನಿಂದ ಅಳೆದಿದ್ದಾರೆಯೇ, ನಿಲ್ದಾಣದ ಬಾಗಿಲಿನಿಂದಲೇ? ಎರಡು, ಇರುವ ದಾರಿಯನ್ನೇ ದುರಸ್ತಿ ಮಾಡಿ, ಇರುವ ರೈಲನ್ನೇ ಹೆಚ್ಚು ಬಾರಿ ಓಡಿಸಿ, ಅವುಗಳಲ್ಲಿ ಎಷ್ಟು ನಿಮಿಷ ಉಳಿಸಬಹುದು? ಮೂರು, ಉಳಿದ ನಿಮಿಷ ಯಾರದು, ಅದಕ್ಕಾಗಿ ಕಳೆದುಹೋಗುವ ಒರತೆ, ಕಾಡು, ಗದ್ದೆ ಯಾರದು? ಮೊದಲ ಲೆಕ್ಕದಿಂದ ಹತ್ತಿರದೂರಿನ ಅನೇಕ ವಿಮಾನಗಳು ತಾವಾಗಿಯೇ ಅರ್ಥ ಕಳೆದುಕೊಳ್ಳುತ್ತವೆ. ಎರಡನೆಯದರಿಂದ ಅನೇಕ ಸುರಂಗಗಳು ಅನಗತ್ಯವಾಗುತ್ತವೆ. ಮೂರನೆಯದು ಉಳಿದವುಗಳ ಬಗ್ಗೆ ಪ್ರಾಮಾಣಿಕವಾಗಿ ಚರ್ಚಿಸುವುದನ್ನು ಅನಿವಾರ್ಯವಾಗಿಸುತ್ತದೆ.

ಫ್ರಾನ್ಸಿನ ಆ 150 ನಾಗರಿಕರು ತಜ್ಞರೇನೂ ಆಗಿರಲಿಲ್ಲ. ಪೂರ್ಣ ಮಾಹಿತಿ ಕೈಗೆ ಸಿಕ್ಕಾಗ ಅವರು ಸರ್ಕಾರಕ್ಕಿಂತ ಧೈರ್ಯವಾಗಿ ನಾಲ್ಕು ಗಂಟೆಯ ಮಾತನ್ನಾಡಿದರು. ನಮ್ಮ ಗ್ರಾಮಸಭೆಗಳಿಗೂ ಅಂತಹ ಮಾಹಿತಿ, ಅಂತಹ ಬಿಡುವು, ಅಂತಹ ಗೌರವ ಸಿಗಬೇಕು. ಘಟ್ಟದ ಮೇಲೆ ಗೆರೆ ಎಳೆಯುವ ಮೊದಲು ಘಟ್ಟದಲ್ಲಿ ಬದುಕುವವರನ್ನು ಕರೆದು ಕೂರಿಸಿ, ಮೇಲಿನ ಮೂರು ಲೆಕ್ಕಗಳನ್ನು ಕನ್ನಡದಲ್ಲಿ, ಅಂಕಿಅಂಶಗಳ ಸಮೇತ ಅವರ ಮುಂದಿಡಬೇಕು. ಈ ಒತ್ತಾಯವನ್ನು ಪ್ರತಿ ಊರಿನಿಂದ ಬರೆದು ಕಳಿಸುವ ಕೆಲಸ ನಮ್ಮ ಓದುಗರಿಂದ ಆರಂಭವಾಗಲಿ.

– ಸಂಪಾದಕ ಮಂಡಳಿ